ಅಲಂಕಾರ ಹೆಚ್ಚಿದರೆ ವಾದ ಗಟ್ಟಿಯಾಗುತ್ತದೆಯೇ? ಒಂದು ಸ್ಪಷ್ಟನೆ

ಸಾಹಿತ್ಯ ಕೃತಿಯ ಬಗ್ಗೆ ಬರೆಯುವ ವಾದಾತ್ಮಕ ಪ್ರಬಂಧದಲ್ಲಿ ಪುನರಾವರ್ತನೆ, ಉತ್ತರ ಬಯಸದ ಪ್ರಶ್ನೆ, ಉಪಮೆಗಳನ್ನು ಹೆಚ್ಚು ಬಳಸಿದಷ್ಟೂ ವಾದ ಗಟ್ಟಿಯಾಗುತ್ತದೆ, ಇದು ಅರಿಸ್ಟಾಟಲನ ಸೂತ್ರ ಎಂಬ ಸಲಹೆ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ವಾಕ್ಕಲೆಯ ಕುರಿತ ತನ್ನ ಗ್ರಂಥದಲ್ಲಿ ಅರಿಸ್ಟಾಟಲ್ ಮನವೊಲಿಸುವ ಮೂರು ದಾರಿಗಳನ್ನು ಹೇಳುತ್ತಾನೆ: ಮಾತುಗಾರನ ವಿಶ್ವಾಸಾರ್ಹತೆ, ಕೇಳುಗರ ಭಾವ, ಮಾತಿನ ತರ್ಕ. ಶೈಲಿಯ ಚರ್ಚೆ ಬರುವುದು ಮೂರನೆಯ ಭಾಗದಲ್ಲಿ. ಅಲ್ಲಿಯೂ ಅವನು ಶೈಲಿಯ ಗುಣವೆಂದು ಕರೆಯುವುದು ಸ್ಪಷ್ಟತೆಯನ್ನು. ಬರೆಯುವವನ ಕಸರತ್ತು ಎದ್ದು ಕಾಣಬಾರದು ಎಂದೂ ಎಚ್ಚರಿಸುತ್ತಾನೆ.

ಬಸವಣ್ಣನ ‘ಕಳಬೇಡ ಕೊಲಬೇಡ’ ವಚನದ ಬಗ್ಗೆ ಬರೆಯುತ್ತಿದ್ದೀರಿ ಎನ್ನೋಣ. ‘ಈ ವಚನಕ್ಕೆ ತಲೆದೂಗದವರು ಯಾರಿದ್ದಾರೆ?’ ಎಂದು ಕೇಳಿದರೆ ಏನೂ ಸಿದ್ಧವಾಗುವುದಿಲ್ಲ. ಅದರ ಬದಲು ವಚನವನ್ನೇ ನೋಡಿ. ಏಳು ಸಲ ‘ಬೇಡ’ ಬಂದ ಮೇಲೆ ಮೂರು ಸಲ ‘ಇದೇ’ ಬರುತ್ತದೆ. ನಿಷೇಧಗಳ ಸಾಲು ಹಠಾತ್ತನೆ ನಿಂತು, ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ, ಕೂಡಲಸಂಗಮದೇವನನ್ನು ಒಲಿಸುವ ಪರಿ ಮೂರೂ ಅದೇ ನಡತೆಯಲ್ಲಿವೆ ಎಂಬ ನಿರ್ಣಯವಾಗುತ್ತದೆ. ಇಷ್ಟು ತೋರಿಸಿದ ಬಳಿಕ, ‘ಹಾಗಾದರೆ ಪೂಜೆಗೆ ಬೇರೆ ವಿಧಿ ಏಕೆ?’ ಎಂಬ ಪ್ರಶ್ನೆಗೆ ಬೆಲೆ ಬರುತ್ತದೆ, ಏಕೆಂದರೆ ಓದುಗರ ಕೈಯಲ್ಲಿ ಆಗಲೇ ಪುರಾವೆ ಇರುತ್ತದೆ.

ಹಾಗೆಂದು ಅಲಂಕಾರವೇ ನಿಷಿದ್ಧ ಎನ್ನುವ ಇನ್ನೊಂದು ಅತಿಯೂ ಬೇಕಿಲ್ಲ. ಪುನರಾವರ್ತನೆಯ ಶಕ್ತಿಗೆ ಈ ವಚನವೇ ಸಾಕ್ಷಿ.