ಲಿಬ್ರೆಆಫೀಸ್ ಹಾಕಿದರೆ ಹಳೆಯ ಫೈಲ್‌ಗಳು ಹಾಳಾಗುವುದಿಲ್ಲ: ಒಂದು ಸ್ಪಷ್ಟನೆ

ಲಿಬ್ರೆಆಫೀಸ್ ಎಂಬುದು ಮೈಕ್ರೋಸಾಫ್ಟ್ ಆಫೀಸ್‌ನಂತೆ ಪತ್ರ, ಲೆಕ್ಕಪಟ್ಟಿ ತಯಾರಿಸುವ ಉಚಿತ ತಂತ್ರಾಂಶ. “ಲಿಬ್ರೆಆಫೀಸ್ ಹಾಕಿಕೊಂಡರೆ ಹಳೆಯ ವರ್ಡ್, ಎಕ್ಸೆಲ್ ಫೈಲ್‌ಗಳು ಮತ್ತೆಂದೂ ತೆರೆಯುವುದಿಲ್ಲ, ಅದಕ್ಕೆ ಮೊದಲು ವಿಂಡೋಸ್ ಅಳಿಸಿ ಲಿನಕ್ಸ್ ಹಾಕಬೇಕು” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಲಿಬ್ರೆಆಫೀಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರೂ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ನಡೆಯುತ್ತದೆ. ಮೈಕ್ರೋಸಾಫ್ಟ್ ಆಫೀಸ್ ಇರುವ ಕಂಪ್ಯೂಟರಿನಲ್ಲೇ ಇದನ್ನೂ ಇಟ್ಟುಕೊಳ್ಳಬಹುದು, ಏನನ್ನೂ ಅಳಿಸಬೇಕಿಲ್ಲ.

ಇನ್ನು ಫೈಲ್‌ಗಳ ವಿಷಯ. ಇಂದಿನ ವರ್ಡ್ ಬಳಸುವ ಡಾಕ್‌ಎಕ್ಸ್ (.docx) ಎಂಬ ಫೈಲ್ ರಚನೆ ಗುಟ್ಟಿನದೇನಲ್ಲ. ಐಎಸ್‌ಒ 29500 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ 2008ರಲ್ಲೇ ಪ್ರಕಟವಾಗಿದೆ. ಲಿಬ್ರೆಆಫೀಸ್ ಅದನ್ನು ಓದುತ್ತದೆ, ಅದೇ ರೂಪದಲ್ಲಿ ಉಳಿಸುತ್ತದೆ ಕೂಡ. ಅದಕ್ಕೂ ಹಳೆಯ ಡಾಕ್ (.doc), ಎಕ್ಸ್‌ಎಲ್‌ಎಸ್ (.xls) ಫೈಲ್‌ಗಳೂ ತೆರೆಯುತ್ತವೆ.

ಹಾಗೆಂದು ಎಲ್ಲವೂ ಕೂದಲೆಳೆಯಷ್ಟೂ ಬದಲಾಗದೆ ಕಾಣಿಸುತ್ತದೆ ಎಂದಲ್ಲ. ಕಡತದಲ್ಲಿ ಬಳಸಿದ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಸಾಲುಗಳು ಸರಿದು ಪುಟ ಏರುಪೇರಾಗಬಹುದು. ಕ್ಯಾಲಿಬ್ರಿ ಫಾಂಟ್ ಇಲ್ಲದಿದ್ದರೆ ಅದರ ಬದಲು ಅಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೋ ಫಾಂಟ್ ಬರುವುದರಿಂದ ಅಲ್ಲಿ ತೊಂದರೆ ಕಡಿಮೆ. ನಿಜವಾದ ತಲೆನೋವು ಎಕ್ಸೆಲ್ ಮ್ಯಾಕ್ರೋಗಳದ್ದು (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿಯೇ ಮಾಡಲು ಫೈಲಿನೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳು): ಹಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಲೆಕ್ಕಪತ್ರವೆಲ್ಲ ಮ್ಯಾಕ್ರೋ ಮೇಲೇ ನಿಂತಿದ್ದರೆ ಅವಸರ ಬೇಡ. ವದಂತಿ ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು.

ಅನುಮಾನವಿದ್ದರೆ ಮುಖ್ಯ ಫೈಲಿನ ಒಂದು ನಕಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. ವರ್ಡ್ ಬಳಸುವವರಿಗೆ ಕಳಿಸುವಾಗ ‘ಸೇವ್ ಆ್ಯಸ್’ ಒತ್ತಿ ಡಾಕ್‌ಎಕ್ಸ್ ಆರಿಸಿ. ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ; ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.