ಕಿವುಡ ಮಗುವಿರುವ ಮನೆಯಲ್ಲಿ ಎಲ್ಲರೂ ಸಂಜ್ಞಾ ಭಾಷೆ ಕಲಿಯಲೇಬೇಕೇ?

ಪರ

ನನ್ನ ಅಣ್ಣನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಅವಳಿಗೆ ಏಳು ವರ್ಷವಿದ್ದಾಗ, ಮನೆಯಲ್ಲಿ ನಡೆದ ನಾಮಕರಣದ ಊಟದಲ್ಲಿ ಪಂಕ್ತಿಗೆ ಪಂಕ್ತಿಯೇ ಯಾವುದೋ ಮಾತಿಗೆ ನಕ್ಕಿತು; ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ ತಾನೂ ನಕ್ಕಳು, ಬಳಿಕ ನನ್ನ ತೋಳು ಮುಟ್ಟಿ ಏನೆಂದು ಕೇಳಿದಳು. ಆಮೇಲೆ ಹೇಳುತ್ತೇನೆ ಎಂಬಂತೆ ಕೈಯಾಡಿಸಿ ನಾನು ಎಲೆಯ ಕಡೆ ತಿರುಗಿದೆ. ಹೇಳಲಿಲ್ಲ, ಹೇಳಲು ನನ್ನ ಬಳಿ ಭಾಷೆಯೇ ಇರಲಿಲ್ಲ.

ಊಟ, ನೀರು, ನಿದ್ದೆ ಎನ್ನಲು ಮನೆಯ ಕೈಸನ್ನೆ ಸಾಕು. ಆದರೆ ಅಜ್ಜನನ್ನು ಹೊತ್ತುಕೊಂಡು ಹೋದವರು ಏಕೆ ಮರಳಿ ಕರೆತರಲಿಲ್ಲ ಎಂದು ಮಗು ಕೇಳಿದರೆ, ಉತ್ತರಿಸಲು ವ್ಯಾಕರಣವುಳ್ಳ ಭಾಷೆ ಬೇಕು. ಭಾರತೀಯ ಸಂಜ್ಞಾ ಭಾಷೆ ಅಂಥದ್ದು. ಅದರಲ್ಲಿ ಏನು, ಏಕೆ, ಎಲ್ಲಿ ಎಂಬ ಪ್ರಶ್ನೆಪದಗಳು ವಾಕ್ಯದ ಕೊನೆಗೆ ಬರುತ್ತವೆ, ಹುಬ್ಬಿನ ಮತ್ತು ತಲೆಯ ಚಲನೆಯೂ ಅರ್ಥದ ಭಾಗವಾಗಿರುತ್ತದೆ. ಕನ್ನಡವನ್ನು ಪದಕ್ಕೆ ಪದ ಕೈಗೆ ಇಳಿಸಿದ ಮಾತ್ರಕ್ಕೆ ಅದು ಬಂದಂತಾಗುವುದಿಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಕಿವಿ ಕೇಳುವ ತಂದೆತಾಯಿಗೇ ಹುಟ್ಟುವುದರಿಂದ ಈ ಭಾಷೆ ತೊಟ್ಟಿಲಲ್ಲಿ ತಾನಾಗಿ ಸಿಗದು. ತಾಯಿಯೊಬ್ಬಳೇ ಕಲಿತರೆ ಮಗುವಿಗೂ ಉಳಿದವರಿಗೂ ನಡುವೆ ಅವಳು ಬಾಳಿಡೀ ದುಭಾಷಿಯಾಗಿ ನಿಲ್ಲಬೇಕಾಗುತ್ತದೆ.

ಕಲಿಯುವುದಾದರೆ ಕಿವುಡರಿಂದಲೇ ಕಲಿಯಬೇಕೆಂಬುದು ನನ್ನ ಅನುಭವ. ಮೊದಲ ತರಗತಿಯಲ್ಲಿ ಕಿವುಡ ಗುರುಗಳು ಹೇಳಿಕೊಡುತ್ತಿದ್ದಾಗ ಬರೆದುಕೊಳ್ಳಲೆಂದು ತಲೆ ತಗ್ಗಿಸಿದೆ. ಅವರು ಕೈಗಳನ್ನು ನಿಲ್ಲಿಸಿ, ಮೇಜು ತಟ್ಟಿ, ನಾನು ಮತ್ತೆ ನೋಡುವವರೆಗೆ ಕಾದರು. ಅವರ ಲೋಕದಲ್ಲಿ ಕಣ್ಣು ತೆಗೆಯುವುದೆಂದರೆ ಕಿವಿ ಮುಚ್ಚಿಕೊಂಡಂತೆ. ಹೆಗಲು ಮುಟ್ಟಿ ಕರೆಯುವುದು, ದೀಪ ಆರಿಸಿ ಹಚ್ಚಿ ಗಮನ ಸೆಳೆಯುವುದು, ಸಮುದಾಯದವರೇ ಪ್ರತಿಯೊಬ್ಬರಿಗೂ ಒಂದು ಹೆಸರಿನ ಸನ್ನೆ ಕೊಡುವುದು, ಇವೆಲ್ಲ ಯಾವ ನಿಘಂಟಿನಿಂದಲೂ ಬರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚಿದ್ದುದರಿಂದ ಆ ಊರಿನದೇ ಆದ ಸನ್ನೆ ಭಾಷೆ ಬೆಳೆದಿದೆ, ಕಿವಿ ಕೇಳುವವರೂ ಅದನ್ನು ಬಳಸುತ್ತಾರೆ. ಒಂದು ಊರಿಗೆ ಸಾಧ್ಯವಾದದ್ದು ಒಂದು ಮನೆಗೆ ಭಾರವೆಂದರೆ ನಾನು ಒಪ್ಪಲಾರೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನವು ಪಾಠದಲ್ಲಿ ಸನ್ನೆ ಬೇಡವೆಂದು ನಿರ್ಣಯಿಸಿದ ಮೇಲೆ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿಹಾಕಿದ್ದನ್ನು ನಾವು ಮನೆಗಳಲ್ಲಿ ಮುಂದುವರಿಸುವುದು ಬೇಡ.

ವಿರೋಧ

ಸನ್ನೆ ಕಲಿತರೆ ಮಾತು ಬಾರದು ಎಂಬ ಹಳೆಯ ವಾದವನ್ನು ನಾನು ಹೂಡುತ್ತಿಲ್ಲ. ಸಂಜ್ಞಾ ಭಾಷೆಯ ಮೇಲೆ ನನಗೆ ಗೌರವವಿದೆ. ನನ್ನ ತಕರಾರು ಇರುವುದು 'ಎಲ್ಲರೂ' ಮತ್ತು 'ಲೇಬೇಕು' ಎಂಬ ಎರಡು ಮಾತುಗಳ ಬಗ್ಗೆ.

ನನ್ನ ಮಗನಿಗೆ ಎರಡನೆಯ ವರ್ಷದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಯಿತು, ಅಂದರೆ ಹೊರಗೆ ತೊಡುವ ಯಂತ್ರದಿಂದ ಶಬ್ದವನ್ನು ಪಡೆದು ಶ್ರವಣ ನರಕ್ಕೆ ಮುಟ್ಟಿಸುವ ಸಾಧನವನ್ನು ಒಳಗಿವಿಯಲ್ಲಿ ಕೂರಿಸಿದರು. ಶಸ್ತ್ರಚಿಕಿತ್ಸೆ ಮುಗಿದರೆ ಕೆಲಸ ಮುಗಿಯಿತೆಂದು ನೆಂಟರು ತಿಳಿದಿದ್ದರು, ನಿಜವಾದ ಕೆಲಸ ಶುರುವಾದದ್ದೇ ಆಗ. ನನ್ನ ಹೆಂಡತಿ ದಿನವೂ ಅವನ ಹಿಂದೆ ಕುಳಿತು, ತುಟಿ ಕಾಣದಂತೆ 'ಹಾಲು' ಎಂದೋ 'ಹಾವು' ಎಂದೋ ಹೇಳಿ, ಎರಡು ಚಿತ್ರಗಳಲ್ಲಿ ಸರಿಯಾದುದನ್ನು ಮುಟ್ಟಿಸುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ತಡಮಾಡದೆ ಹಾವನ್ನು ಮುಟ್ಟಿದಾಗ ಅವಳು ಚಿತ್ರಗಳನ್ನು ಕೆಳಗಿಟ್ಟು ಅತ್ತಳು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲಿ ತಾಯಂದಿರನ್ನೂ ಮಕ್ಕಳೊಂದಿಗೆ ಕೂರಿಸಿ ಕಲಿಸುವುದು, ಮನೆಯ ಹೊತ್ತೇ ಇದಕ್ಕೆ ಮುಖ್ಯ ಬಂಡವಾಳ ಎಂಬ ಕಾರಣಕ್ಕೆ. ಕೂಲಿಗೆ ಹೋಗುವ ದಂಪತಿಗೆ ಆ ಹೊತ್ತು ಎಷ್ಟಿರುತ್ತದೆ?

ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಂಜ್ಞಾ ಭಾಷಾ ಕೇಂದ್ರವು 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ತಂದಿರುವುದು ದೊಡ್ಡ ಕೆಲಸ. ಆದರೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಸಂಜ್ಞಾ ಭಾಷೆ ಕಲಿಸುವವರು ಒಬ್ಬರೂ ಇಲ್ಲ. ಮೊಬೈಲಿನ ವಿಡಿಯೊ ನೋಡಿ ಎಪ್ಪತ್ತು ದಾಟಿದ ಅಜ್ಜಿ ಕಲಿಯಲೇಬೇಕೆಂದು ಹಟ ಹಿಡಿದರೆ, ಕಲಿಯಲಾಗದ ತಪ್ಪಿತಸ್ಥ ಭಾವವೊಂದೇ ಅವರಿಗೆ ಉಳಿಯುತ್ತದೆ. ಆ ಅಜ್ಜಿಯೇ ಮೊಮ್ಮಗನಿಗೆ ದಿನವೂ ಕಥೆ ಹೇಳಿ ಅವನ ಕನ್ನಡ ತಿದ್ದಿದವರು.

ರಾತ್ರಿ ಯಂತ್ರ ತೆಗೆದಿಟ್ಟ ಮೇಲೆ ಅವನೊಂದಿಗೆ ಬೇಕಾಗುವ ಹತ್ತಾರು ಸನ್ನೆಗಳು ನಮಗೆ ಬರುತ್ತವೆ. ಬೆಳೆದ ಮೇಲೆ ಅವನು ಕಿವುಡ ಗೆಳೆಯರನ್ನು ಹುಡುಕಿಕೊಂಡು ಹೋಗಿ ಪೂರ್ತಿ ಭಾಷೆಯನ್ನು ಬಯಸಿದರೆ ಅವನ ಪಕ್ಕದಲ್ಲೇ ಕುಳಿತು ನಾನೂ ಕಲಿಯುವೆ. ಈ ವರ್ಷ ಮಾತ್ರ ನಮ್ಮ ಸಂಜೆಗಳು ಹಾಲು ಹಾವುಗಳಿಗೇ ಸಾಲುತ್ತಿಲ್ಲ.