ಕಡಲ ಸೌತೆಯ ಹೆಸರಿನ ಭಾಷೆ, ನಮ್ಮ ಅಡಿಕೆ ಶೆಡ್‌ನ ಮಾತು

ಕಡಲ ಸೌತೆ ಅಂದರೆ ತರಕಾರಿ ಅಲ್ಲ, ಪ್ರಾಣಿ. ನಕ್ಷತ್ರಮೀನಿನ ಬಳಗದ್ದು. ಈ ಪ್ರಾಣಿಯ ಹೆಸರನ್ನು ಹೊತ್ತ ಒಂದು ಭಾಷೆ ಇದೆ, ಬಿಸ್ಲಾಮ ಅಂತ. ಪೆಸಿಫಿಕ್ ಸಾಗರದ ವನುವಾಟು ಎಂಬ ದೇಶದ ರಾಷ್ಟ್ರಭಾಷೆ ಅದು. ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆಯ ಗೆಳೆಯರು ಈ ಕತೆಯನ್ನು ಪೂರ್ತಿ ಓದಬೇಕು ಅಂತ ಕೇಳಿಕೊಳ್ಳುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಆ ಪ್ರಾಣಿಯ ಬಗ್ಗೆ. ಸುಮಾರು 1,700 ಜಾತಿಗಳಿವೆ. ಮಿದುಳಿಲ್ಲ. ಹೆಚ್ಚಿನವು ಕಡಲತಳದಲ್ಲಿ ನಿಧಾನವಾಗಿ ತೆವಳುತ್ತಾ ಮರಳು ತಿನ್ನುತ್ತವೆ. ಮರಳಿನಲ್ಲಿ ಕೊಳೆತು ಸೇರಿಕೊಂಡಿರುವುದನ್ನು ಜೀರ್ಣಿಸಿಕೊಂಡು ಉಳಿದ ಮರಳನ್ನು ಹಿಂದಿನಿಂದ ಬಿಡುತ್ತವೆ. ಎಷ್ಟೋ ಜಾತಿಗಳು ಉಸಿರಾಡುವುದೂ ಆ ಹಿಂದಿನ ದ್ವಾರದಿಂದಲೇ. ನೀರನ್ನು ಒಳಗೆ ಎಳೆದುಕೊಂಡು ಹೊರಗೆ ಬಿಡುತ್ತಿರುತ್ತವೆ. ಅಪಾಯ ಬಂದಾಗ ಕೆಲವು ತಮ್ಮ ಕರುಳನ್ನೇ ಹೊರಗೆ ಹಾಕಿಬಿಡುತ್ತವೆ. ಸಾಯುವುದಿಲ್ಲ. ಕೆಲವೇ ವಾರಗಳಲ್ಲಿ ಹೊಸ ಕರುಳು ಬೆಳೆಯುತ್ತದೆ! ಓದಿದಾಗ ನನಗೆ ನಿಜಕ್ಕೂ ಮೈ ಜುಮ್ ಅಂದಿತು.

ಚೀನಾದಲ್ಲಿ ಇದು ಹಬ್ಬದೂಟದ ಪದಾರ್ಥ, ಔಷಧಿ ಕೂಡ. ಅದಕ್ಕಾಗಿಯೇ ನೂರಾರು ವರ್ಷಗಳಿಂದ ಹಡಗುಗಳು ದ್ವೀಪದಿಂದ ದ್ವೀಪಕ್ಕೆ ಅಲೆದಿವೆ. ಇಂಡೋನೇಷ್ಯಾದ ಮಕಾಸ್ಸರ್‌ನ ನಾವಿಕರು ಇದನ್ನೇ ಹುಡುಕಿಕೊಂಡು ಉತ್ತರ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದರು. ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ 1803ರಲ್ಲಿ ಅಲ್ಲಿ ಹಾದುಹೋದಾಗ ಅವರ ದೋಣಿಗಳ ಗುಂಪನ್ನೇ ಕಂಡಿದ್ದ. ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನ ಬಿಳಿಯರನ್ನು ಇವತ್ತಿಗೂ 'ಬಲಂಡ' ಅನ್ನುತ್ತಾರೆ. ಹಾಲೆಂಡಿನವರು ಅನ್ನುವ ಮಾತು ಮಕಾಸ್ಸರ್‌ನವರ ಬಾಯಿಂದ ಅವರಿಗೆ ದಾಟಿಕೊಂಡಿದ್ದು.

ಸರಕನ್ನು ಸಿದ್ಧಮಾಡುವ ಕೆಲಸ ಸಣ್ಣದಲ್ಲ. ನೀರು ಇಳಿದಾಗ ಹವಳದ ದಿಬ್ಬಗಳ ಮೇಲೆ ನಡೆದು ಹೆಕ್ಕಬೇಕು. ಹೊಟ್ಟೆ ಸೀಳಿ ತೊಳೆಯಬೇಕು. ದೊಡ್ಡ ಕಬ್ಬಿಣದ ಹಂಡೆಗಳಲ್ಲಿ ಬೇಯಿಸಬೇಕು. ಆಮೇಲೆ ಬಿಸಿಲಿಗೆ ಹಾಕಬೇಕು, ಇಲ್ಲವೇ ಹೊಗೆಯಲ್ಲಿ ಒಣಗಿಸಬೇಕು. ನೂರು ಕೆಜಿ ಹಸಿ ಮಾಲಿಗೆ ಹತ್ತು ಕೆಜಿ ಒಣ ಮಾಲು ಸಿಕ್ಕರೆ ಜಾಸ್ತಿಯೇ. ನಮ್ಮ ಅಡಿಕೆ ಕೊಯ್ಲಿನ ಹಾಗೆಯೇ ಅಲ್ವಾ? ಕೊಯ್ಯುವವರು, ಸುಲಿಯುವವರು, ಹಂಡೆಯ ಮುಂದೆ ಬೆಂಕಿ ನೋಡಿಕೊಳ್ಳುವವರು, ಅಂಗಳದಲ್ಲಿ ಹರವುವವರು. ಎಲ್ಲಕ್ಕೂ ಕೈ ಬೇಕು. ಮಾಲು ಮಾತ್ರ ದೂರದ ಊರಿಗೆ.

ವನುವಾಟುವಿನ ದ್ವೀಪಗಳಿಗೆ ವ್ಯಾಪಾರಿಗಳನ್ನು ಎಳೆದುಕೊಂಡು ಬಂದ ಇನ್ನೊಂದು ಸರಕು ಶ್ರೀಗಂಧ. 1825ರಲ್ಲಿ ಪೀಟರ್ ಡಿಲನ್ ಎಂಬ ವ್ಯಾಪಾರಿ ಎರೊಮಾಂಗೊ ದ್ವೀಪದಲ್ಲಿ ಗಂಧದ ಮರಗಳಿರುವುದನ್ನು ಕಂಡ. ನಮ್ಮ ಜಾತಿಯ ಮರವಲ್ಲ, ಆದರೆ ಅದೇ ಕುಲದ್ದು. ಸೊರಬ, ಸಾಗರದ ಗುಡಿಗಾರರ ಕೆತ್ತನೆ ನೋಡುತ್ತಾ ಬೆಳೆದ ನಮಗೆ ಗಂಧದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಗಂಧ, ಕಡಲ ಸೌತೆ ಎರಡೂ ಚೀನಾ ಪೇಟೆಗೆ ಹೋಗುತ್ತಿದ್ದವು.

ಆ ದ್ವೀಪಗಳಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ಒಂದು ದ್ವೀಪದವರ ಮಾತು ಪಕ್ಕದ ದ್ವೀಪದವರಿಗೆ ತಿಳಿಯದು. ಹಡಗಿನವರದ್ದು ಇಂಗ್ಲಿಷ್. ನಡುವೆ ಕೆಲಸ ನಡೆಯಬೇಕಲ್ಲ? ಹಾಗಾಗಿ ಅರ್ಧಂಬರ್ಧ ಇಂಗ್ಲಿಷಿನ ಒಂದು ಮಾತು ಹುಟ್ಟಿತು. ಕಡಲ ಸೌತೆಯನ್ನು ಫ್ರೆಂಚರು ಬೆಶ್ ದ ಮೆರ್ ಅನ್ನುತ್ತಿದ್ದರು, ಆ ವ್ಯಾಪಾರದ ಹೆಸರೇ ಮಾತಿಗೂ ಅಂಟಿ ಕೊನೆಗೆ ಬಿಸ್ಲಾಮ ಆಯಿತು.

ಅದನ್ನು ಗಟ್ಟಿ ಮಾಡಿದ್ದು ಕಬ್ಬಿನ ತೋಟಗಳು. 1863ರಿಂದ 1904ರವರೆಗೆ ಸುಮಾರು 62,000 ದ್ವೀಪವಾಸಿಗಳನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಕೂಲಿಗೆ ಒಯ್ದರು. ಕೆಲವರು ಒಪ್ಪಿಯೇ ಹೋದರು. ಎಷ್ಟೋ ಜನರನ್ನು ಮೋಸದಿಂದ, ಬಲವಂತದಿಂದ ಹತ್ತಿಸಿದರು. ಬೇರೆ ಬೇರೆ ದ್ವೀಪದವರು ಒಂದೇ ತೋಟದಲ್ಲಿ ದುಡಿಯುವಾಗ ಅವರ ಮಧ್ಯೆ ಇದ್ದದ್ದು ಈ ಮಾತು ಒಂದೇ. ವಾಪಸ್ ಬಂದವರು ಅದನ್ನು ಊರಿಗೂ ತಂದರು. ಧಣಿಗಳ ಕಣ್ಣಿಗೆ ಅದು ಕೆಟ್ಟ ಇಂಗ್ಲಿಷ್, ಅಷ್ಟೇ.

ಆ ಕೆಟ್ಟ ಇಂಗ್ಲಿಷ್ ಅಂದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಂಗ್ಲಿಷಿನಲ್ಲಿ 'ನಾವು' ಅನ್ನುವುದಕ್ಕೆ ಒಂದೇ ಮಾತು. ಬಿಸ್ಲಾಮದಲ್ಲಿ 'ಯುಮಿ' ಅಂದರೆ ಕೇಳುತ್ತಿರುವ ನೀನೂ ಸೇರಿದ ನಾವು. 'ಮಿಫಾಲ' ಅಂದರೆ ನಿನ್ನನ್ನು ಬಿಟ್ಟು ನಾವು. ತುಳು ಬಲ್ಲವರಿಗೆ ತಕ್ಷಣ ತಿಳಿಯುತ್ತದೆ, ಅವರಲ್ಲಿ 'ನಮ' ಮತ್ತು 'ಎಂಕುಲು' ಇದೆಯಲ್ಲ. ಇಷ್ಟೇ ಅಲ್ಲ. ನೀನೂ ನಾನೂ ಇಬ್ಬರೇ ಆದರೆ 'ಯುಮಿಟು'. ಮೂವರಾದರೆ 'ಯುಮಿಟ್ರಿ'. ಪದಗಳು ಇಂಗ್ಲಿಷಿನವು, ಆದರೆ ಲೆಕ್ಕಾಚಾರ ದ್ವೀಪದ ಜನರದ್ದು. ತಮ್ಮ ಭಾಷೆಯ ಬುದ್ಧಿಯನ್ನು ಅವರು ಎರವಲು ಪದಗಳ ಒಳಗೆ ಇಟ್ಟಿದ್ದಾರೆ. ಇದನ್ನು ಹರಕು ಅನ್ನುವುದು ಹೇಗೆ?

1906ರಿಂದ ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಆ ದ್ವೀಪಗಳನ್ನು ಆಳಿದವು. 1980ರಲ್ಲಿ ಸ್ವಾತಂತ್ರ್ಯ ಬಂತು. ಆಗ ಸಂವಿಧಾನದಲ್ಲಿ ರಾಷ್ಟ್ರಭಾಷೆ ಅಂತ ಬರೆದುಕೊಂಡದ್ದು ಬಿಸ್ಲಾಮವನ್ನು. ಇವತ್ತು ಸಂಸತ್ತಿನ ಚರ್ಚೆ, ರೇಡಿಯೋ, ರಾಷ್ಟ್ರಗೀತೆ ಎಲ್ಲದರಲ್ಲೂ ಅದೇ ಇದೆ. ಶಿಕ್ಷಣಕ್ಕೆ ಮಾತ್ರ ಸಂವಿಧಾನ ಇಂಗ್ಲಿಷ್, ಫ್ರೆಂಚನ್ನೇ ಹೆಸರಿಸಿದೆ. ಅದು ನನಗೆ ಬೇಸರದ ಸಂಗತಿ.

ಈಗ ನಮ್ಮೂರಿನ ಮಾತು. ಅಡಿಕೆ ಸುಲಿಯಲು, ಕಾಫಿ ತೋಟದ ಕೆಲಸಕ್ಕೆ ಅಸ್ಸಾಂ, ಬಿಹಾರ, ಜಾರ್ಖಂಡ್ ಕಡೆಯವರು ಬರುತ್ತಿದ್ದಾರೆ. ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆ. ಶೆಡ್‌ಗಳಲ್ಲಿ ಒಂದು ಹೊಸ ಮಾತು ಕೇಳಿಸುತ್ತಿದೆ. "ಅಕ್ಕಾ, ಡಬ್ಬ ಫುಲ್, ದೂಸ್ರಾ ಕೊಡು." "ಕಲ್ ಸಂತೆ, ಕೆಲಸ ಬೇಡ." ಇದಕ್ಕೆ ನಮ್ಮವರೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾರೆ. ಮೇಸ್ತ್ರಿಗಳಂತೂ ಈ ಮಾತಿನಲ್ಲಿ ಪಳಗಿಬಿಟ್ಟಿದ್ದಾರೆ.

ಹೋದ ವಾರ ನಮ್ಮ ಕಡೆಯ ವಾಟ್ಸಾಪ್ ಗುಂಪೊಂದರಲ್ಲಿ ಒಂದು ವಿಡಿಯೋ ಬಂತು. ಸುಲಿಯುತ್ತಾ ಕೂತ ಒಬ್ಬ ಹೆಂಗಸಿನ ಕೈಲಿ 'ಮೆಟ್ಟುಗತ್ತಿ' ಅಂತ ಮತ್ತೆ ಮತ್ತೆ ಹೇಳಿಸಿದ್ದಾರೆ. ಆಕೆಗೆ ಬಾಯಿ ತಿರುಗುವುದಿಲ್ಲ. ಹಿಂದಿನಿಂದ ಗಂಡಸರ ನಗು. ಆಕೆಯ ಕೈ ಮಾತ್ರ ನಿಂತಿಲ್ಲ. ಒಂದೊಂದೇ ಅಡಿಕೆ ಆ ಕತ್ತಿಯ ಮೇಲೆಯೇ ಸಿಪ್ಪೆ ಬಿಟ್ಟು ಡಬ್ಬಕ್ಕೆ ಬೀಳುತ್ತಿದೆ. ಅದರ ಕೆಳಗೆ ನಗುವ ಮುಖಗಳ ಸಾಲು. ನನಗೆ ತುಂಬಾ ಸಂಕಟವಾಯಿತು. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಬಂದು, ಲಿಪಿಯೂ ಗೊತ್ತಿಲ್ಲದ ಭಾಷೆಯನ್ನು ಕಿವಿಯಿಂದಲೇ ಕಲಿಯುತ್ತಿರುವವಳು ಆಕೆ. ನಮ್ಮಲ್ಲಿ ಎಷ್ಟು ಜನಕ್ಕೆ ಆಕೆಯ ಭಾಷೆಯ ಹೆಸರಾದರೂ ಗೊತ್ತು?

ದ್ವೀಪದವರನ್ನು ಹೊತ್ತುಕೊಂಡು ಹೋದರು, ಇವರು ತಾವಾಗಿಯೇ ದುಡಿಯಲು ಬರುತ್ತಾರೆ, ಎರಡನ್ನೂ ಯಾಕೆ ಸೇರಿಸುತ್ತೀರಿ ಅಂತ ಕೇಳಬಹುದು. ಆ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ನಾನು ಹೋಲಿಸುತ್ತಿರುವುದು ನಗುವವರನ್ನು. ಕ್ವೀನ್ಸ್‌ಲ್ಯಾಂಡಿನ ಧಣಿಗೆ ಕೇಳಿಸಿದ್ದು ತಪ್ಪು ಮಾತ್ರ. ಆ ತಪ್ಪಿನೊಳಗೆ ಜನ ಒಂದು ಭಾಷೆ ಕಟ್ಟುತ್ತಿದ್ದದ್ದು ಅವನ ಕಿವಿಗೆ ಬೀಳಲಿಲ್ಲ. ಇನ್ನು ಕನ್ನಡ ಕೆಡುತ್ತದೆ ಅನ್ನುವ ಭಯ. ಕೂಲಿಯವರು ಕೊಡುವ ಎರಡು ಹಿಂದಿ ಪದದಿಂದ ಕನ್ನಡ ಕೆಡುವುದಿಲ್ಲ. 'ಪಗಾರ', 'ಚಾವಿ' ಎರಡೂ ಪೋರ್ಚುಗೀಸರ ಕಡೆಯಿಂದ ಬಂದವು, ಈಗ ಅವು ನಮ್ಮವೇ. ಕನ್ನಡ ಕಲಿಯಲು ಹೊರಟವರನ್ನು ನಾಚಿಸಿ ಬಾಯಿ ಮುಚ್ಚಿಸಿದರೆ ಅದರಿಂದ ಖಂಡಿತ ನಷ್ಟ ಇದೆ.

ಕಡಲ ಸೌತೆಯ ಪಾಡೂ ಚೆನ್ನಾಗಿಲ್ಲ. ನಮ್ಮ ದೇಶದಲ್ಲಿ 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ರಕ್ಷಣೆಗೆ ತಂದರು. ಆದರೂ ತಮಿಳುನಾಡಿನ ಕರಾವಳಿಯಿಂದ ಕಳ್ಳಸಾಗಣೆ ನಡೆಯುತ್ತಲೇ ಇದೆ. 2020ರಲ್ಲಿ ಲಕ್ಷದ್ವೀಪದಲ್ಲಿ ಅದಕ್ಕೇ ಅಂತ ಒಂದು ಸಂರಕ್ಷಿತ ಪ್ರದೇಶ ಘೋಷಿಸಿದರು. ಒಳ್ಳೆಯ ಕೆಲಸ.

ಗುಂಪಿನ ಗೆಳೆಯರಲ್ಲಿ ಒಂದು ಕೋರಿಕೆ. ಆ ವಿಡಿಯೋ ತೆಗೆದುಹಾಕಿ, ಮುಂದೆ ಕಳಿಸಿದವರೂ ಅಳಿಸಿ. ಈ ಸೀಸನ್‌ನಲ್ಲಿ ನಿಮ್ಮ ಶೆಡ್‌ನ ಗೋಡೆಗೆ ಒಂದು ಬೋರ್ಡ್ ಹಾಕಿ. ಯಾರು ಎಷ್ಟು ಡಬ್ಬ ಸುಲಿದರು, ಡಬ್ಬಕ್ಕೆ ಎಷ್ಟು ದರ, ಎಲ್ಲವನ್ನೂ ಕನ್ನಡದಲ್ಲೂ ಹಿಂದಿಯಲ್ಲೂ ಬರೆಯಿರಿ. ನಮ್ಮನೆಯಲ್ಲಿ ಹಾಕಿದ್ದೇವೆ. ಲೆಕ್ಕದ ಜಗಳ ನಿಂತಿದೆ, ಜೊತೆಗೆ ಇಬ್ಬರು ಈಗ ತಮ್ಮ ಹೆಸರನ್ನು ಕನ್ನಡದಲ್ಲೇ ಬರೆಯುತ್ತಾರೆ. ಬೋರ್ಡ್ ಹೇಗೆ ಮಾಡಿದೆವು ಅಂತ ಬೇಕಾದವರು ಕೇಳಿ, ಫೋಟೋ ಕಳಿಸುತ್ತೇನೆ.